ತತ್ತಿ ಇಲ್ಲದ ಕಟ್ಲೆಟ್

(ಹುಬ್ಬಳ್ಳಿಯ ಮಹಿಳಾ ಮಂಡಳವೊಂದರ ಮಾಸಿಕ ಸಭೆಯಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹರೂಪ)



ವರದಿ ಮಾಡಲೆಂದು ಬಂದವಳನ್ನು ಮಾತಾಡು ಎಂದು ನಿಲ್ಲಿಸಿದ್ದೀರಿ. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ನನಗೆ ಪ್ರಶ್ನೆ ಕೇಳುವುದನ್ನು ಕಲಿಸಿದರು. ಭಾಷಣ ಮಾಡುವುದನ್ನು ಕಲಿಸಲಿಲ್ಲ. ಅದಕ್ಕೇ ಇವತ್ತು ಒಂದು ಪ್ರಶ್ನೆಯನ್ನೇ ಹಿಡಿದುಕೊಂಡು ಹೊರಡುತ್ತೇನೆ. ನಮ್ಮ ಅವಳಿ ನಗರದ ಎಷ್ಟೋ ಮನೆಗಳಲ್ಲಿ ಕಟ್ಲೆಟ್ ತಟ್ಟೆ ಮುಂದೆ ಬಂದಾಗ ಕೈ ಹಾಕುವ ಮೊದಲು ಯಾರಾದರೊಬ್ಬರು ಮೆಲ್ಲಗೆ ಕೇಳುವ ಪ್ರಶ್ನೆ ಅದು: ‘ಇದರಾಗ ತತ್ತಿ ಹಾಕೀರೇನ್ರಿ?’

ಮಿರ್ಚಿ ಭಜಿ ಕೊಟ್ಟಾಗ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಗಿರಮಿಟ್ಟಿಗೂ ಕೇಳುವುದಿಲ್ಲ. ಬಟಾಟಿ ಬೋಂಡಾಕ್ಕಂತೂ ಇಲ್ಲವೇ ಇಲ್ಲ. ಬೋಂಡಾದ ಒಳಗೂ ಅದೇ ಬಟಾಟಿ, ಕಟ್ಲೆಟ್ಟಿನ ಒಳಗೂ ಅದೇ ಬಟಾಟಿ. ಹಾಗಾದರೆ ಕಟ್ಲೆಟ್ಟಿಗೆ ಮಾತ್ರ ಈ ವಿಚಾರಣೆ ಯಾಕೆ? ಇದರ ಉತ್ತರ ಹುಡುಕುತ್ತ ಹೋದರೆ ನಮ್ಮ ಊರಿನ ಒಂದಿಷ್ಟು ಚರಿತ್ರೆಯೂ ನಮ್ಮ ಮನೆಗಳ ಒಂದಿಷ್ಟು ಗುಟ್ಟೂ ಸಿಗುತ್ತವೆ.

ಮೊದಲು ಹೆಸರಿನ ವಿಚಾರ. ಬೇಯಿಸಿದ ಬಟಾಟಿಯನ್ನು ಹಿಸುಕಿ, ಉಂಡೆ ಇಲ್ಲವೆ ಕೊಳವೆಯಂತೆ ಮಾಡಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದಕ್ಕೆ ಯೂರೋಪಿನಲ್ಲಿ ಕ್ರೋಕೆಟ್ ಎನ್ನುತ್ತಾರೆ. ಹಲ್ಲಿಗೆ ಸಿಕ್ಕಾಗ ಕರ್ರುಮ್ ಎನ್ನುವ ಸದ್ದಿನಿಂದ ಹುಟ್ಟಿದ ಫ್ರೆಂಚ್ ಮಾತು. ನಾವು ಕುರುಕಲು ಎನ್ನುತ್ತೇವಲ್ಲ, ಅದೂ ಸದ್ದಿನಿಂದಲೇ ಬಂದದ್ದು. ಕಿವಿ ಎಲ್ಲ ದೇಶದಲ್ಲೂ ಒಂದೇ ರೀತಿ ಕೇಳಿಸಿಕೊಳ್ಳುತ್ತದೆ ಅನ್ನಿಸುತ್ತದೆ. ಆದರೆ ಕ್ರೋಕೆಟ್ ಎಂಬ ಹೆಸರು ಹುಬ್ಬಳ್ಳಿಯ ಬಾಯಿಗೆ ಬರಲಿಲ್ಲ. ಇಲ್ಲಿ ನಿಂತದ್ದು ಕಟ್ಲೆಟ್. ಅದೂ ಫ್ರೆಂಚ್ ಮೂಲದ್ದೇ, ಅರ್ಥ ಸಣ್ಣ ಪಕ್ಕೆಲುಬು. ಪಕ್ಕೆಲುಬಿಗೆ ಅಂಟಿಕೊಂಡ ಮಾಂಸದ ತುಂಡನ್ನು ಹುರಿದರೆ ಅದು ಕಟ್ಲೆಟ್. ಕೆಲವು ಮನೆಗಳಲ್ಲಿ ಈಗಲೂ ಕಟ್ಲೆಟ್ಟನ್ನು ಒಂದು ತುದಿ ಚೂಪಾಗಿ, ಎಲೆಯ ಆಕಾರದಲ್ಲಿ ತಟ್ಟುತ್ತಾರೆ. ಆ ಚೂಪು ತುದಿ ಎಲುಬಿನ ನೆನಪು ಎಂದು ನನ್ನ ಎಣಿಕೆ. ಎಲುಬು ಹೋಯಿತು, ಮಾಂಸ ಹೋಯಿತು, ಹೆಸರು ಮಾತ್ರ ಉಳಿಯಿತು.

ಬಟಾಟಿ ಎಂಬ ಮಾತೂ ದೂರದ್ದೇ. ಗಡ್ಡೆ ಹುಟ್ಟಿದ್ದು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ. ಹೆಸರು ಬಂದದ್ದು ಕೆರಿಬಿಯನ್ ದ್ವೀಪಗಳಿಂದ. ಅಲ್ಲಿ ‘ಬಟಾಟಾ’ ಎಂದರೆ ನಮ್ಮ ಗೆಣಸು. ಎರಡನ್ನೂ ಹಡಗಿಗೆ ಹಾಕಿಕೊಂಡು ಬಂದ ಯೂರೋಪಿನವರು ಗೆಣಸಿನ ಹೆಸರನ್ನು ಬಟಾಟಿಗೂ ಇಟ್ಟರು. ಪೋರ್ಚುಗೀಸರ ಬಾಯಿಂದ ಅದು ಕೊಂಕಣಿಗೆ, ಮರಾಠಿಗೆ, ಅಲ್ಲಿಂದ ಘಟ್ಟ ಹತ್ತಿ ನಮ್ಮ ಸಂತೆಗೆ ಬಂತು. ಬೆಂಗಳೂರಿನ ಕಡೆಯವರು ಆಲೂಗಡ್ಡೆ ಎನ್ನುವಾಗ ನಮ್ಮವರು ಎರಡನ್ನೂ ಬಳಸುತ್ತಾರೆ. ಬಟಾಟಿ ಎಂದಾಗಲೆಲ್ಲ ನಾವು ಗೋವೆಯ ಕಡೆಗೆ ಮುಖ ಮಾಡಿ ಮಾತಾಡುತ್ತಿದ್ದೇವೆ ಎಂದೇ ಅರ್ಥ.

ಗೋವೆಗೂ ನಮಗೂ ನಡುವೆ ರೈಲು ಇದೆ. ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ. ಧಾರವಾಡದ ಕರ್ನಾಟಕ ಕಾಲೇಜಿನ ಹಳೆಯ ಕಟ್ಟಡವನ್ನು ನೀವೆಲ್ಲ ನೋಡಿದ್ದೀರಿ. ಅದು ಮೊದಲು ಈ ಕಂಪನಿಯ ಮುಖ್ಯ ಕಚೇರಿಯಾಗಿತ್ತು. ಹುಬ್ಬಳ್ಳಿಯ ವರ್ಕ್‌ಶಾಪು ಬಂದದ್ದೂ 1880ರ ದಶಕದಲ್ಲಿಯೇ. 1888ರ ಹೊತ್ತಿಗೆ ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ಪೋರ್ಚುಗೀಸರ ಕಡೆಯ ಹಳಿಯೂ ಸೇರಿಕೊಂಡಿತು. ಕಂಪನಿಯ ಇಂಗ್ಲಿಷ್ ಅಧಿಕಾರಿಗಳು, ಆಂಗ್ಲೋ-ಇಂಡಿಯನ್ ಡ್ರೈವರುಗಳು ಮತ್ತು ಗಾರ್ಡುಗಳು ಇಲ್ಲಿ ಮನೆ ಮಾಡಿದರು. ಆ ಕಾಲದ ಕ್ಲಬ್ಬುಗಳಲ್ಲಿ, ಹಡಗುಗಳಲ್ಲಿ, ರೈಲಿನ ಅಡುಗೆಮನೆಗಳಲ್ಲಿ ಗೋವೆಯ ಅಡುಗೆಯವರಿಗೆ ಒಳ್ಳೆಯ ಹೆಸರಿತ್ತು. ಕಟ್ಲೆಟ್ ನಮ್ಮೂರಿಗೆ ಇಳಿದದ್ದು ಈ ರೈಲಿನಿಂದಲೇ ಎಂದು ನಾನು ತಿಳಿಯುತ್ತೇನೆ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದಿದ್ದರು ನಿಜ. ಆದರೆ ಒಂದು ತಿನಿಸು ಬೀದಿಗೆ ಬೀಳಬೇಕಾದರೆ ಬಂಗಲೆ ಸಾಲದು, ಪ್ಲಾಟ್‌ಫಾರ್ಮು ಬೇಕು.

ಪ್ಲಾಟ್‌ಫಾರ್ಮು ಅಂದಕೂಡಲೇ ಊಟದ ಬೇರ್ಪಡೆಯೂ ನೆನಪಾಗಬೇಕು. ಸ್ವಾತಂತ್ರ್ಯಕ್ಕೆ ಮೊದಲು ರೈಲು ನಿಲ್ದಾಣಗಳಲ್ಲಿ ‘ಹಿಂದೂ ನೀರು’, ‘ಮುಸಲ್ಮಾನ ನೀರು’ ಎಂದು ಬೇರೆ ಬೇರೆ ಕೊಡಗಳಿದ್ದವು. ಯೂರೋಪಿಯನ್ನರ ಉಪಾಹಾರ ಕೋಣೆ ಬೇರೆ, ಉಳಿದವರದು ಬೇರೆ. ರೈಲು ಎಲ್ಲರನ್ನೂ ಒಂದೇ ಡಬ್ಬಿಯಲ್ಲಿ ಕೂರಿಸಿತು, ಆದರೆ ಒಂದೇ ತಟ್ಟೆಗೆ ಕರೆತರುವುದು ಅದರಿಂದ ಆಗಲಿಲ್ಲ.

ಇನ್ನು ತತ್ತಿಯ ಪ್ರಶ್ನೆಗೆ ಬರೋಣ. ಬೋಂಡಾದ ಹೊದಿಕೆ ಕಡ್ಲಿಹಿಟ್ಟು. ಕಲಸಿದ ಕಡ್ಲಿಹಿಟ್ಟು ತಾನೇ ಅಂಟುತ್ತದೆ, ತಾನೇ ಗಟ್ಟಿಯಾಗುತ್ತದೆ. ಅದು ನಮ್ಮ ಹಳೆಯ ವಿದ್ಯೆ. ಬದನೆಕಾಯಿ, ಮೆಣಸಿನಕಾಯಿ, ಈರುಳ್ಳಿಗೆ ಮಾಡಿದ್ದನ್ನೇ ಬಟಾಟಿಗೂ ಮಾಡಿದೆವು. ಕಟ್ಲೆಟ್ಟಿನ ಹೊದಿಕೆ ಬ್ರೆಡ್ಡಿನ ಪುಡಿ. ಒಣ ಪುಡಿ ಉಂಡೆಗೆ ತಾನಾಗಿ ಅಂಟುವುದಿಲ್ಲ, ನಡುವೆ ಒಂದು ಗೋಂದು ಬೇಕು. ಆ ಗೋಂದು ಮೂಲದಲ್ಲಿ ಒಡೆದು ಕಲಕಿದ ತತ್ತಿ. ಕಾದ ಎಣ್ಣೆಗೆ ಬಿದ್ದೊಡನೆ ಅದು ಗಟ್ಟಿಯಾಗಿ, ಪುಡಿಯನ್ನು ಹಿಡಿದು, ಒಳಗಿನ ಬಟಾಟಿಗೆ ಒಂದು ಚೀಲ ಹೊಲಿದಂತೆ ಮಾಡುತ್ತದೆ. ಹೀಗಾಗಿ ಮಾಂಸ ಬಿಟ್ಟು ಬಟಾಟಿ ಹಾಕಿದ ಮೇಲೂ ಕಟ್ಲೆಟ್ ಪೂರ್ತಿ ಸಸ್ಯಾಹಾರಿ ಆಗಲಿಲ್ಲ. ಬ್ರೆಡ್ಡಿನ ಮೇಲೂ ಅನುಮಾನವಿತ್ತು. ಗೋವೆಯ ಪಾವ್ ಹುಳಿ ಬರುತ್ತಿದ್ದದ್ದು ಸೇಂದಿಯಿಂದ. ಮಡಿಯ ಮನೆಗೆ ಸೇಂದಿಯ ಬ್ರೆಡ್ಡು, ಅದರ ಮೇಲೆ ತತ್ತಿ! ಅಯ್ಯಂಗಾರ್ ಬೇಕರಿ ಎಂಬ ಫಲಕ ಕರ್ನಾಟಕದ ಊರೂರಿಗೆ ಯಾಕೆ ಬೇಕಾಯಿತು ಎಂಬುದು ಇಲ್ಲಿ ಸ್ವಲ್ಪ ತಿಳಿಯುತ್ತದೆ. ಅಲ್ಲಿ ಬ್ರೆಡ್ಡು ಮಾತ್ರ ಮಾರಾಟವಾಗುತ್ತಿರಲಿಲ್ಲ, ಯಾರ ಕೈಯದು ಎಂಬ ಭರವಸೆಯೂ ಮಾರಾಟವಾಗುತ್ತಿತ್ತು.

ನಮ್ಮ ಮನೆಗಳ ಹೆಣ್ಣುಮಕ್ಕಳು ಈ ಕಟ್ಲೆಟ್ಟನ್ನು ಒಂದೊಂದೇ ತೆಗೆದು, ಒಂದೊಂದೇ ಇಟ್ಟು, ತಮ್ಮದು ಮಾಡಿಕೊಂಡರು. ತತ್ತಿ ತೆಗೆದು ಮೈದಾ ನೀರು ಇಟ್ಟರು. ಬ್ರೆಡ್ ಪುಡಿ ತೆಗೆದು ಸಣ್ಣ ರವೆ ಇಟ್ಟರು. ಕೆಲವರು ಶಾವಿಗೆಯನ್ನು ಪುಡಿ ಮಾಡಿ ಹೊರಳಿಸಿದರು. ಒಳಗೆ ಕಟ್ಟಲು ನೆನೆಸಿ ಹಿಂಡಿದ ಬ್ರೆಡ್ಡಿನ ಬದಲು ಅವಲಕ್ಕಿ ಹಾಕಿದರು. ಬೀಟ್‌ರೂಟ್ ಕೆಂಪಿನ ಬದಲು ಬ್ಯಾಡಗಿ ಮೆಣಸಿನಪುಡಿಯ ಕೆಂಪು ತಂದರು, ಅದರಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಒಂದೊಂದು ಬದಲಾವಣೆಯ ಹಿಂದೆಯೂ ಮನೆಗೆ ಬರುವ ಒಬ್ಬ ಅತಿಥಿ ಇದ್ದಾರೆ. ಅವರು ತಿನ್ನಲಿ ಎಂದೇ ಆ ಬದಲಾವಣೆ. ಅಡುಗೆ ಪುಸ್ತಕದ ‘ಬದಲಿ ಸಾಮಗ್ರಿ’ ಎಂಬ ಸಾಲನ್ನು ನಾನು ಈಗ ಹಾಗೆಯೇ ಓದುತ್ತೇನೆ.

ಇಂಥ ಕೆಲಸ ಬೇರೆ ದೇಶದಲ್ಲೂ ಆಗಿದೆ. ಸ್ಪೇನಿನ ಕ್ರೋಕೆಟ್ಟಿನಲ್ಲಿ ಬಟಾಟಿಗಿಂತ ಹಾಲು, ಬೆಣ್ಣೆ, ಮೈದಾದ ಗಟ್ಟಿ ಸಾರೇ ಮುಖ್ಯ. ಅದೇ ತಿನಿಸು ಜಪಾನಿಗೆ ಹೋಗಿ ‘ಕೊರೊಕ್ಕೆ’ ಆದಾಗ ಬಟಾಟಿ ಮೇಲೆ ಬಂತು. ಕಲ್ಕತ್ತೆಯಲ್ಲಿ ‘ಆಲೂರ್ ಚಾಪ್’ ಆಯಿತು. ಯಾರೂ ಮೂಲದಂತೆ ಮಾಡಲು ಹೋಗಲಿಲ್ಲ.

ಮಾಡುವ ಬಗೆಯನ್ನು ಹೇಳದಿದ್ದರೆ ನೀವು ನನ್ನನ್ನು ಬಿಡುವುದಿಲ್ಲ. ನಾನು ಕಲಿತದ್ದು ಒಡೆದುಹೋದ ಕಟ್ಲೆಟ್ಟುಗಳಿಂದ. ಮೊದಲ ಸಲ ಗೆಳತಿಯರನ್ನು ಕರೆದು ನಾನೇ ಮಾಡುತ್ತೇನೆಂದು ಜಂಭದಿಂದ ನಿಂತೆ. ಕಡಾಯಿಯಲ್ಲಿ ಕಟ್ಲೆಟ್ಟೆಲ್ಲ ಬಿಚ್ಚಿಕೊಂಡು ಎಣ್ಣೆಯೇ ಬಟಾಟಿ ಪಲ್ಯವಾಯಿತು. ಅವ್ವ ಬಂದು ಜಾರಿಯಿಂದ ಅದನ್ನೆಲ್ಲ ತೆಗೆದು, ಮೇಲೆ ಈರುಳ್ಳಿ ಉದುರಿಸಿ, ‘ಹೊಸಾ ತಿನಿಸರಿ’ ಎಂದು ಕೊಟ್ಟುಬಿಟ್ಟಳು.

ತಪ್ಪು ಎಲ್ಲಿತ್ತು? ನೀರಿನಲ್ಲಿತ್ತು. ನೀರು ಹಬೆಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಬಟಾಟಿಯೊಳಗೆ ನೀರು ಉಳಿದಿದ್ದರೆ ಕಾದ ಎಣ್ಣೆಯಲ್ಲಿ ಅದು ದಾರಿ ಹುಡುಕಿ ಹೊದಿಕೆಯನ್ನು ಹರಿಯುತ್ತದೆ. ಆದ್ದರಿಂದ ಅರ್ಧ ಕಿಲೋ ಬಟಾಟಿಯನ್ನು ಸಿಪ್ಪೆ ಸಮೇತ, ಹೆಚ್ಚದೆ, ಇಡಿಯಾಗಿ ಬೇಯಿಸಬೇಕು. ಹೆಚ್ಚಿ ಕುಕ್ಕರಿಗೆ ಹಾಕಿದರೆ ನೀರು ಕುಡಿಯುತ್ತದೆ. ಬೆಂದ ಮೇಲೆ ಸಿಪ್ಪೆ ತೆಗೆದು ಅಗಲ ತಾಟಿನಲ್ಲಿ ಹರಡಿ ಹಬೆ ಹೋಗಲು ಬಿಡಬೇಕು. ಆರಿದ ಮೇಲೆ ತುರಿಯುವ ಮಣೆಯಲ್ಲಿ ತುರಿಯಿರಿ, ಚಪಾತಿ ಹಿಟ್ಟಿನಂತೆ ನಾದಬೇಡಿ. ಹೆಚ್ಚು ನಾದಿದಷ್ಟೂ ಬಟಾಟಿಯೊಳಗಿನ ಪಿಷ್ಟದ ಚೀಲಗಳು ಒಡೆದು ಮುದ್ದೆ ಅಂಟಂಟಾಗುತ್ತದೆ. ಮಿಕ್ಸರಿಗೆ ಹಾಕಿದರಂತೂ ಗೋಡೆಗೆ ಪೋಸ್ಟರ್ ಹಚ್ಚಬಹುದು.

ಗಜ್ಜರಿ, ಬೀನ್ಸ್, ಹಸಿ ಬಟಾಣಿ ಎಲ್ಲ ಸೇರಿ ಒಂದು ಬಟ್ಟಲು ಸಾಕು. ಬೇಯಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂಡಿ. ಹಸಿಮೆಣಸಿನಕಾಯಿ, ಶುಂಠಿ ಜಜ್ಜಿದ್ದು, ಕೊತ್ತಂಬರಿ, ಸ್ವಲ್ಪ ಗರಂ ಮಸಾಲೆ, ಲಿಂಬೆರಸ. ಎರಡು ಹಿಡಿ ತೆಳು ಅವಲಕ್ಕಿಯನ್ನು ನೆನೆಸದೆ, ಒಣಗಿದ್ದನ್ನೇ ಕೈಯಲ್ಲಿ ತಿಕ್ಕಿ ಪುಡಿ ಮಾಡಿ ಸೇರಿಸಿ. ಉಳಿದ ತೇವವನ್ನು ಅದು ಹೀರಿಕೊಳ್ಳುತ್ತದೆ. ಅವಲಕ್ಕಿ ಮೊದಲೇ ಬೆಂದದ್ದು, ಹಸಿವಾಸನೆಯ ಭಯವಿಲ್ಲ. ಉಪ್ಪು ಕೊನೆಗೆ, ತಟ್ಟುವ ಮುನ್ನ ಮಾತ್ರ. ಮೊದಲೇ ಹಾಕಿದರೆ ತರಕಾರಿ ಮತ್ತೆ ನೀರು ಬಿಡುತ್ತದೆ.

ಎರಡು ದೊಡ್ಡ ಚಮಚ ಮೈದಾವನ್ನು ನೀರಿನಲ್ಲಿ ಕಲಸಿ ಹಾಲಿಗಿಂತ ಗಟ್ಟಿ, ಭಜಿ ಹಿಟ್ಟಿಗಿಂತ ತೆಳ್ಳಗೆ ಇಟ್ಟುಕೊಳ್ಳಿ. ತಟ್ಟಿದ ಕಟ್ಲೆಟ್ಟನ್ನು ಅದರಲ್ಲಿ ಅದ್ದಿ, ರವೆಯಲ್ಲಿ ಹೊರಳಿಸಿ, ಅರ್ಧ ತಾಸು ಹಾಗೇ ಬಿಡಿ. ಈ ಅರ್ಧ ತಾಸನ್ನು ನಾವೆಲ್ಲ ಉಳಿಸಲು ನೋಡುತ್ತೇವೆ, ಕಟ್ಲೆಟ್ಟು ಸೇಡು ತೀರಿಸಿಕೊಳ್ಳುವುದೂ ಅಲ್ಲಿಯೇ. ಎಣ್ಣೆ ಚೆನ್ನಾಗಿ ಕಾದಿರಬೇಕು, ಅಳೆಯುವವರಿಗೆ 180 ಡಿಗ್ರಿ ಸೆಲ್ಸಿಯಸ್. ಒಳಗಿನದು ಆಗಲೇ ಬೆಂದಿದೆ; ಎಣ್ಣೆ ಕೊಡಬೇಕಾದದ್ದು ಬಣ್ಣ ಮತ್ತು ಕುರುಮ್ ಎನ್ನುವ ಸದ್ದು ಮಾತ್ರ. ಸಣ್ಣ ಉರಿಯಲ್ಲಿ ನಿಧಾನ ಬಿಟ್ಟರೆ ಎಣ್ಣೆ ಕುಡಿದು ಸೊರಗುತ್ತದೆ. ನಾಲ್ಕಕ್ಕಿಂತ ಹೆಚ್ಚು ಒಮ್ಮೆಗೆ ಹಾಕಬೇಡಿ, ಎಣ್ಣೆ ತಣ್ಣಗಾಗುತ್ತದೆ.

ಬಟಾಟಿಯ ಆಯ್ಕೆಯೂ ಇದೆ. ಬೆಳಗಾವಿ, ಧಾರವಾಡದ ಕಡೆ ಬಟಾಟಿ ಬಹುಮಟ್ಟಿಗೆ ಮುಂಗಾರಿನ ಬೆಳೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಗೆದ ಹೊಸ ಬಟಾಟಿ ಪಲ್ಯಕ್ಕೆ ಸೊಗಸು. ಕಟ್ಲೆಟ್ಟಿಗೆ ಬೇಡ, ಅದರಲ್ಲಿ ನೀರು ಹೆಚ್ಚು. ಕೆಲವು ವಾರ ಇಟ್ಟು ಸಿಪ್ಪೆ ಗಟ್ಟಿಯಾದದ್ದು ಒಳ್ಳೆಯದು. ಕೋಲ್ಡ್ ಸ್ಟೋರೇಜಿನಿಂದ ಈಗತಾನೇ ಬಂದದ್ದಾದರೆ ತಂಪಿಗೆ ಪಿಷ್ಟ ಸಕ್ಕರೆಯಾಗಿರುತ್ತದೆ. ಬಾಯಿಗೆ ಸಿಹಿ ಹತ್ತುತ್ತದೆ, ಎಣ್ಣೆಗೆ ಬಿದ್ದರೆ ಬೇಗ ಕಪ್ಪಾಗುತ್ತದೆ.

ಬಡಿಸುವಾಗ ಬಾಟಲಿಯ ಟೊಮೆಟೊ ಸಾಸ್ ಇಡುವುದು ರೂಢಿ. ನನ್ನ ಮಾತು ಕೇಳುವುದಾದರೆ ಕೆಂಪು ಮೆಣಸಿನಕಾಯಿ ರಂಜಕಕ್ಕೆ ಸ್ವಲ್ಪ ಮೊಸರು ಬೆರೆಸಿ ಕೊಡಿ, ಇಲ್ಲವೇ ಶೇಂಗಾ ಹಿಂಡಿಗೆ ಗಟ್ಟಿ ಮೊಸರು. ಪಕ್ಕದಲ್ಲಿ ಹೆಚ್ಚಿದ ಉಳ್ಳಾಗಡ್ಡಿ. ಇನ್ನೊಂದು ಮಾತು ತಾಯಂದಿರಿಗೆ. ಕರಿದದ್ದನ್ನು ಬಿಸಿಬಿಸಿಯಾಗಿ ಕೊಡಬೇಕೆಂದು ಮಾಡಿದವಳು ಕಡಾಯಿಯ ಮುಂದೆಯೇ ನಿಲ್ಲುತ್ತಾಳೆ, ಮಂದಿ ಪಡಸಾಲೆಯಲ್ಲಿ ತಿಂದು ಹೊಗಳುತ್ತಾರೆ. ಕಟ್ಲೆಟ್ಟಿನ ಒಂದು ಉಪಕಾರವೆಂದರೆ ಹಿಂದಿನ ದಿನವೇ ತಟ್ಟಿ, ರವೆ ಹಚ್ಚಿ ಫ್ರಿಜ್ಜಿನಲ್ಲಿ ಇಡಬಹುದು. ಇಪ್ಪತ್ತು ಕಟ್ಲೆಟ್ ಕರಿಯಲು ಅರ್ಧ ತಾಸು. ಆಮೇಲೆ ಮಾಡಿದವಳಿಗೂ ಒಂದು ಕುರ್ಚಿ ಹಾಕಿ.

ಈಗ ನಮ್ಮ ಮನೆಯ ಮಾತು. ನಾನು ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಯ ಆಂಟಿ ಕ್ರಿಶ್ಚಿಯನ್ನರು. ಅವರ ಮನೆಯಲ್ಲಿ ಹಬ್ಬಕ್ಕೆ ಕಟ್ಲೆಟ್ ಮಾಡುತ್ತಿದ್ದರು, ಅವರ ಪದ್ಧತಿಯಂತೆ ತತ್ತಿ ಹಾಕಿ. ನಮಗಾಗಿ ಬೇರೆಯಾಗಿ, ಮೈದಾ ನೀರಿನಲ್ಲಿ ಅದ್ದಿದ್ದು, ಮೊದಲೇ, ಹೊಸ ಎಣ್ಣೆಯಲ್ಲಿ ಕರಿದು, ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದರು. ‘ಆಯೀ, ತತ್ತಿ ಹಾಕಿಲ್ರಿ. ಎಣ್ಣಿನೂ ಹೊಸಾದು’ ಎಂದು ಬಾಗಿಲಲ್ಲೇ ಹೇಳುತ್ತಿದ್ದರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ‘ಇರಲಿ ಬಿಡವ್ವಾ, ಹುಡುಗ್ರು ತಿಂತಾವ’ ಎಂದು ಡಬ್ಬಿ ತೆಗೆದುಕೊಳ್ಳುತ್ತಿದ್ದಳು. ನಾವು ತಿನ್ನುತ್ತಿದ್ದೆವು. ಆಯಿ ಒಂದು ದಿನವೂ ಮುಟ್ಟಲಿಲ್ಲ.

ಚಿಕ್ಕವಳಿದ್ದಾಗ ಇದು ನನಗೆ ಏನೂ ಅನ್ನಿಸಿರಲಿಲ್ಲ. ಎಂಟನೇ ಇಯತ್ತೆಯಲ್ಲಿದ್ದಾಗ ಆಂಟಿಯ ಮಗಳು, ನನ್ನ ಜೊತೆಯವಳು, ಕೇಳಿದಳು: ‘ನಿಮ್ಮ ಆಯಿ ನಮ್ಮ ಮನೀದು ಯಾಕ ತಿನ್ನೂದಿಲ್ಲ? ತತ್ತಿ ಇಲ್ಲಲ್ಲ?’ ನನ್ನ ಬಳಿ ಉತ್ತರ ಇರಲಿಲ್ಲ. ತತ್ತಿ ಇಲ್ಲವಾದ ಮೇಲೆ ಉಳಿದದ್ದು ಏನು ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವತ್ತು ನಾಚಿಕೆಯಿಂದ ಅವಳ ಮುಖ ನೋಡಲಿಲ್ಲ. ಮನೆಗೆ ಬಂದು ಆಯಿಗೂ ಕೇಳಲಿಲ್ಲ. ಪ್ರಶ್ನೆ ಕೇಳುವುದೇ ವೃತ್ತಿಯಾದವಳು ಇವತ್ತಿಗೂ ಕೇಳದ ಪ್ರಶ್ನೆ ಅದೊಂದು.

ಆದರೆ ಆಯಿ ಆ ಡಬ್ಬಿಯನ್ನು ನೋಡುತ್ತಿದ್ದಳು. ಶಿವರಾತ್ರಿಗೆ, ಸಿದ್ಧಾರೂಢ ಮಠದ ಜಾತ್ರೆಯ ದಿನ, ನಮ್ಮ ಮನೆಯಲ್ಲಿ ಉಪವಾಸ. ಉಪವಾಸಕ್ಕೆ ಅಕ್ಕಿ, ಗೋದಿ, ಜೋಳ ಇಲ್ಲ. ಸಾಬೂದಾನಿ, ಶೇಂಗಾ, ಗೆಣಸು, ಬಟಾಟಿ ನಡೆಯುತ್ತದೆ. ಸಮುದ್ರ ದಾಟಿ ಬಂದ ಗಡ್ಡೆ ನಮ್ಮ ಉಪವಾಸದ ತಾಟಿನಲ್ಲಿ ಯಾವಾಗ ಕುಳಿತಿತೋ, ಆಯಿಗೆ ಅದೊಂದು ಆಶ್ಚರ್ಯವೇ ಆಗಿರಲಿಲ್ಲ. ಒಂದು ಶಿವರಾತ್ರಿ ಅವಳು ಬಟಾಟಿ ಬೇಯಿಸಿ, ನೆನೆದ ಸಾಬೂದಾನಿ, ಹುರಿದ ಶೇಂಗಾಪುಡಿ, ಜೀರಿಗೆ, ಹಸಿಮೆಣಸಿನಕಾಯಿ, ಸೈಂಧವ ಲವಣ ಸೇರಿಸಿ ತಟ್ಟಿದಳು. ತಟ್ಟಿದ್ದು ವಡೆಯ ಆಕಾರದಲ್ಲಿ ಅಲ್ಲ. ಎಲೆಯ ಆಕಾರದಲ್ಲಿ, ತುದಿ ಚೂಪು. ಆಂಟಿಯ ಡಬ್ಬಿಯಲ್ಲಿ ಬರುತ್ತಿದ್ದ ಆಕಾರ. ತುಪ್ಪದಲ್ಲಿ ಬೇಯಿಸಿ, ನಾಲ್ಕನ್ನು ಅದೇ ಸ್ಟೀಲ್ ಡಬ್ಬಿಗೆ ಹಾಕಿ ನನ್ನ ಕೈಯಲ್ಲಿ ಕೊಟ್ಟು ಪಕ್ಕದ ಮನೆಗೆ ಕಳಿಸಿದಳು. ಆಂಟಿ ಬಾಗಿಲಲ್ಲೇ ನಿಂತು ಒಂದನ್ನು ತಿಂದರು. ಕಾಂಪೌಂಡಿನ ಮೇಲಿಂದ ಕೂಗಿ ಕೇಳಿದರು, ‘ಆಯೀ, ಏನೇನ್ ಹಾಕೀರಿ ಇದರಾಗ?’ ಆಯಿ ಒಂದೊಂದಾಗಿ ಹೇಳಿದಳು.

ಆಂಟಿಯವರಿಗೆ ಆಮೇಲೆ ಬೇರೆ ಊರಿಗೆ ವರ್ಗವಾಯಿತು. ಆಯಿ ತೀರಿಕೊಂಡಳು. ಆಂಟಿಯ ಮನೆಯ ಕಟ್ಲೆಟ್ಟನ್ನು ಆಕೆ ಕೊನೆಯವರೆಗೂ ತಿನ್ನಲಿಲ್ಲ. ಇದನ್ನು ಚೆಂದ ಮಾಡಿ ಹೇಳಲು ನನಗೆ ಬರುವುದಿಲ್ಲ.

ರೈಲಿನಲ್ಲಿ ಹೋಗುವಾಗ ಒಂದು ಸಂಗತಿ ಗಮನಿಸಿ. ಬೆಳಗಿನ ತಿಂಡಿಗೆ ಐಆರ್‌ಸಿಟಿಸಿ ಪಟ್ಟಿಯಲ್ಲಿ ಎರಡು ಬಗೆ: ಮಾಂಸಾಹಾರಿಗೆ ಬ್ರೆಡ್ ಬೆಣ್ಣೆ ಆಮ್ಲೆಟ್, ಸಸ್ಯಾಹಾರಿಗೆ ಬ್ರೆಡ್ ಬೆಣ್ಣೆ ಕಟ್ಲೆಟ್. ಪಕ್ಕೆಲುಬಿನ ಮಾಂಸ ಎಂದು ಹೆಸರಿಟ್ಟುಕೊಂಡು ಬಂದದ್ದು, ತತ್ತಿಯಲ್ಲಿ ಅದ್ದಿಸಿಕೊಂಡು ಬಂದದ್ದು, ಈಗ ತತ್ತಿ ತಿನ್ನದವರ ಪಾಲಿನ ತಿಂಡಿಯಾಗಿ ಎದುರು ಕುಳಿತಿದೆ. 2023ರಲ್ಲಿ ಉದ್ಘಾಟನೆಯಾದ ನಮ್ಮ ಹುಬ್ಬಳ್ಳಿಯ ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಮೇಲೆ ನಡೆಯುವಾಗಲೂ ‘ಕಟ್ಲೆಟ್, ಬ್ರೆಡ್ ಕಟ್ಲೆಟ್’ ಎಂಬ ಕೂಗು ಕೇಳಿದರೆ ನನಗೆ ಆ ಸ್ಟೀಲ್ ಡಬ್ಬಿ ನೆನಪಾಗುತ್ತದೆ.

ಅಧ್ಯಕ್ಷರು ಕೈಗಡಿಯಾರ ನೋಡುತ್ತಿದ್ದಾರೆ. ಮಂಡಳದ ಸದಸ್ಯೆಯರು ಇವತ್ತು ಎರಡು ಬಗೆ ಮಾಡಿದ್ದಾರೆ. ನಮ್ಮಲ್ಲಿ ಗಡ್ಡೆ ತಿನ್ನದ ಜೈನ ಸೋದರಿಯರೂ ಇದ್ದಾರೆಂದು ಎಡಗಡೆಯ ತಾಟಿನಲ್ಲಿ ಬಾಳೆಕಾಯಿಯದನ್ನು ಇಟ್ಟಿದ್ದಾರೆ, ಅದರಲ್ಲಿ ಶುಂಠಿ, ಉಳ್ಳಾಗಡ್ಡಿ ಇಲ್ಲ, ಅದನ್ನೇ ಮೊದಲು ಕರಿದದ್ದು. ಬಲಗಡೆಯದು ಬಟಾಟಿಯದು. ಎರಡಕ್ಕೂ ತತ್ತಿ ಹಾಕಿಲ್ರಿ.